ಲೈನ್ ಸರಿ ಇದೆ

ಒಂದೇ ಒಂದು ಫೋನ್ ಕಾಲ್, ಸ್ವಾಮಿ. ಹೌದು, ಒಂದೇ. ಬೀದಿಗೆ ಬೀದಿಯೇ ಹೇಳಿ ಸೋತಿತ್ತು. ಕಂಪನಿಯ ಸೇಲ್ಸ್ ಹುಡುಗರು ಬಂದು ಬಂದು ಚಪ್ಪಲಿ ಸವೆಸಿಕೊಂಡಿದ್ದರು. ಎದುರುಮನೆ ದೊಡ್ಡಮ್ಮ ಉಪದೇಶ ಮಾಡಿ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದಳು. ಅಂಥ ಬಂಡೆಯನ್ನು ನಮ್ಮ ಡೈಲಾಗ್ ಒಂದೇ ಫೋನ್ ಕಾಲ್‌ನಲ್ಲಿ ಕದಲಿಸಿದ. ಕದಲಿಸಿದ್ದೇನು, ಉರುಳಿಸಿಯೇ ಬಿಟ್ಟ. ಬೀದಿಯಲ್ಲಿ ಕಟ್ಟಕಡೆಯದಾಗಿ ಅವರ ಮನೆಗೂ ಫೈಬರ್ ಇಂಟರ್ನೆಟ್ ಬಂತು ಅಂದರೆ ಅದಕ್ಕೆ ಕಾರಣ ಅವನು, ಅವನ ಗಂಟಲು ಮತ್ತು ಆ ಒಂದು ಕಾಲ್. ನಿಮ್ಮ ಮನೆಯಲ್ಲೂ ಅಂಥ ಬಂಡೆಯೊಂದಿದ್ದರೆ ಗಮನವಿಟ್ಟು ಕೇಳಿ, ಉಪಯೋಗಕ್ಕೆ ಬಂದೀತು.

ಡೈಲಾಗ್ ಎಂಬುದು ಅಡ್ಡಹೆಸರು. ಅಪ್ಪ ಅಮ್ಮ ಇಟ್ಟ ಹೆಸರು ಅವನ ಐಡಿ ಕಾರ್ಡಿಗೆ ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಕನ್ನಡಿಯೊಳಗಿನ ಮುಖಕ್ಕೆ "ನೀನು ಯಾರು ಅಂತ ನನಗೆ ಗೊತ್ತು, ನಾನು ಯಾರು ಅಂತ ಈ ಊರಿಗೆ ಗೊತ್ತಾಗ್ಬೇಕು" ಅನ್ನುವನು. ಬ್ರಶ್ಶು ಬಾಯಲ್ಲೇ ಇರುವುದರಿಂದ ಊರಿಗೆ ಗೊತ್ತಾಗುತ್ತಿರಲಿಲ್ಲ. ಮೊಬೈಲ್ ಅಂಗಡಿಯಲ್ಲಿ ಕೆಲಸ. ಫೋನಿನ ಗಾಜಿಗೆ ಸ್ಕ್ರೀನ್ ಗಾರ್ಡ್ ಅಂಟಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದು ಗುಳ್ಳೆ ಉಳಿದರೂ ಅದು ತನ್ನ ಸಿನಿಮಾ ಫ್ಲಾಪ್ ಆದಂತೆ ಎಂದುಕೊಳ್ಳುತ್ತಿದ್ದ.

ಅವನ ಇನ್ನೊಂದು ಹೆಚ್ಚುಗಾರಿಕೆ ಎಂದರೆ ಬೇರೆಯವರ ಮಾತನ್ನು ತಾನೇ ಮುಗಿಸುವುದು. ಗಿರಾಕಿ "ನನ್ನ ಫೋನು ನಿನ್ನೆ..." ಎನ್ನುವಷ್ಟರಲ್ಲಿ "ನೀರಿಗೆ ಬಿತ್ತು, ಅಕ್ಕಿ ಡಬ್ಬದಲ್ಲಿ ಇಟ್ರಿ, ಆದ್ರೂ ಆನ್ ಆಗ್ಲಿಲ್ಲ, ಅಷ್ಟೇ ತಾನೆ?" ಎಂದುಬಿಡುವನು. ಹತ್ತರಲ್ಲಿ ಒಂಬತ್ತು ಸಲ ಅದೇ ಸರಿ. ಉಳಿದ ಒಂದು ಸಲದ ಗಿರಾಕಿ ಮತ್ತೆ ಬರುತ್ತಿರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಊರಿಗೆಲ್ಲ ಹೊಸ ಫೋನು ಮಾರುವವನ ಮನೆಯಲ್ಲಿ ಇದ್ದದ್ದು ಹಳೇ ಟೆಲಿಫೋನ್ ತಂತಿಯಲ್ಲಿ ತೆವಳಿಕೊಂಡು ಬರುವ ಇಂಟರ್ನೆಟ್. ಹಾಲ್‌ನ ಮೂಲೆಯಲ್ಲಿ ಡಯಲ್ ತಿರುಗಿಸುವ ಕಾಲದ ಫೋನು, ಅದರ ಪಕ್ಕ ಒಂದು ಮೋಡೆಮ್, ಅದರ ತಲೆಗೆ ಅಮ್ಮ ಉಲ್ಲನ್ನಿನಲ್ಲಿ ಹೆಣೆದ ಟೋಪಿ. ಯಾರಾದರೂ ಫೋಟೋ ಕಳಿಸಿದರೆ ಅದು ತಲೆಯಿಂದ ಇಳಿಯುತ್ತಿತ್ತು. ಹಣೆ ಬಂತು, ಹುಬ್ಬು ಬಂತು, ಮೂಗು ಬರುವುದರೊಳಗೆ ಅಮ್ಮ ಒಂದು ಬಕೀಟು ಬಟ್ಟೆ ಒಣಹಾಕಿ ಬಂದು "ಯಾರಂತೆ?" ಎಂದು ಕೇಳುತ್ತಿದ್ದಳು. ಸಿನಿಮಾ ಹಾಕಿದರೆ ಹೀರೋ ಕೈಯೆತ್ತಿ ಹಾಗೇ ನಿಂತುಬಿಡುವನು, ಮೇಲೆ ಬಿಳೀ ಚಕ್ರ ತಿರುಗಲು ಶುರುವಾಗುವುದು. ವಿಲನ್‌ಗೆ ಮನಸ್ಸಿದ್ದಿದ್ದರೆ ಅಷ್ಟರಲ್ಲಿ ಕ್ಷಮೆ ಕೇಳಿ, ಮನೆಗೆ ಹೋಗಿ, ಊಟ ಮಾಡಿ ಮಲಗಬಹುದಿತ್ತು. ಮೊಬೈಲ್ ಸಿಗ್ನಲ್ ಆದರೂ ಇತ್ತೇ ಅಂದರೆ, ಸುತ್ತ ಎದ್ದು ನಿಂತ ಕಟ್ಟಡಗಳ ನಡುವೆ ಆ ಮನೆ ಬಾವಿಯೊಳಗಿನ ಕಪ್ಪೆ. ಸಿಗ್ನಲ್ ಅಡುಗೆಮನೆ ಕಿಟಕಿಯ ತನಕ ಬಂದು ಒಳಗೆ ಹೆಜ್ಜೆಯಿಡದೆ ವಾಪಸ್ಸಾಗುತ್ತಿತ್ತು.

ಇಷ್ಟು ದಿನ ಅದೊಂದು ಮನೆಯ ತಮಾಷೆಯಾಗಿತ್ತು. ಅಕ್ಕನಿಗೆ ಆ ಕಾಲ್ ಬಂದ ಮೇಲೆ ತಮಾಷೆ ಉಳಿಯಲಿಲ್ಲ.

ಅಕ್ಕನಿಗೆ ಬೇಕಾಗಿದ್ದದ್ದು ಬೇರೆಯವರ ಬಾಯಿಗೆ ದನಿ ಕೊಡುವ ಕೆಲಸ. ಡಬ್ಬಿಂಗ್. ಮಲಗುವ ಕೋಣೆಯ ದೊಡ್ಡ ಬೀರುವಿನಲ್ಲಿ ಬಟ್ಟೆಗಳ ನಡುವೆ ಜಾಗ ಮಾಡಿಕೊಂಡು, ಬಾಗಿಲಿಗೆ ರಜಾಯಿ ಇಳಿಬಿಟ್ಟು, ಮೈಕನ್ನು ಹ್ಯಾಂಗರಿಗೆ ಕಟ್ಟಿಕೊಂಡು ಅದರೊಳಗೇ ಕೂತು ಅಭ್ಯಾಸ ಮಾಡುತ್ತಿದ್ದಳು. ಹೊರಗಿನಿಂದ ನೋಡಿದರೆ ಬೀರು ಒಮ್ಮೆ ಅಳುತ್ತಿತ್ತು, ಒಮ್ಮೆ ಮುದುಕಿಯಂತೆ ಗೊಣಗುತ್ತಿತ್ತು. ಅವಳು ಕಳಿಸಿದ ದನಿ ಕೇಳಿ ಒಂದು ಸ್ಟುಡಿಯೋದವರು ಟೆಸ್ಟಿಗೆ ಕರೆದಿದ್ದರು. ಆದರೆ ಅವರದ್ದೊಂದು ಷರತ್ತು. ಅವರು ಅಲ್ಲಿಂದ ಚಿತ್ರ ಓಡಿಸುತ್ತಾರೆ, ಇವಳು ಇಲ್ಲಿಂದ ತುಟಿಗೆ ಸರಿಯಾಗಿ ಮಾತಾಡಬೇಕು, ಎಲ್ಲವೂ ಲೈವ್. ಟೆಸ್ಟಲ್ಲಿ ಗೆದ್ದರೆ ಕೆಲಸವೂ ಹೀಗೇ, ಮನೆಯಿಂದಲೇ. ಹಾಗಾಗಿ ಟೆಸ್ಟಿನ ಹೊತ್ತಿಗೆ ಮನೆಯಲ್ಲಿ ಫೈಬರ್ ಲೈನ್ ಇರುತ್ತದೆ ಎಂದು ಶುಕ್ರವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ ಅವಕಾಶ.

"ಕೇಳೋಣ ಬಿಡು, ಅಪ್ಪ ತಾನೆ" ಎಂದ ಡೈಲಾಗ್.

ಅಕ್ಕ ಬೀರುವಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಅವಳು ಹೂಂ ಅನ್ನದೇ ಹೋದದ್ದು ವಿಚಿತ್ರ ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಅಪ್ಪ ಗಡಿಯಾರ ರಿಪೇರಿಯವನು. ಮೊದಲು ಮಾರ್ಕೆಟ್ ಬೀದಿಯಲ್ಲಿ ಅಂಗಡಿಯಿತ್ತು. ಡೈಲಾಗ್ ಚಿಕ್ಕವನಿದ್ದಾಗಲೇ ಅದನ್ನು ಮುಚ್ಚಿ, ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡಿದ್ದ. ಗೋಡೆ ತುಂಬ ಲೋಲಕದ ಗಡಿಯಾರಗಳು. ದೂರದೂರಿನ ಜನ ತಾತನ ಕಾಲದ ವಾಚುಗಳನ್ನು ಕೊರಿಯರ್‌ನಲ್ಲಿ ಕಳಿಸುತ್ತಿದ್ದರು. ಅಪ್ಪ ಅದನ್ನು ಬಿಚ್ಚಿ, ವಿಡಿಯೋ ಕಾಲ್ ಮಾಡಿ, ಕ್ಯಾಮೆರಾದ ಮುಂದೆ ಚಿಮುಟದಲ್ಲಿ ಒಂದೊಂದೇ ಭಾಗ ಎತ್ತಿ ತೋರಿಸಿ ಏನು ಹಾಳಾಗಿದೆ ಎಂದು ಹೇಳುವನು. ಅದೂ ಆ ತೆವಳುವ ಲೈನಿನಲ್ಲಿ. ಹಾಗಂತ ಅವನು ಹಳೇ ಕಾಲದವನೇನೂ ಅಲ್ಲ. ಬೀದಿಯಲ್ಲಿ ಮೊದಲು ದೀಪವಿರುವ ಭೂತಗನ್ನಡಿ ತರಿಸಿದವನು, ಮೊದಲು ಬ್ಯಾಟರಿ ಸ್ಕ್ರೂಡ್ರೈವರ್ ಕೊಂಡವನು ಅವನೇ. ಹೊಸ ಯಂತ್ರ ಕಂಡರೆ ಮಗುವಿನ ಹಾಗೆ ಒಳಗೇನಿದೆ ಎಂದು ನೋಡುವ ಮನುಷ್ಯ. ಇದೊಂದರಲ್ಲಿ ಮಾತ್ರ ಯಾಕೆ ಹೀಗೆ?

ಡೈಲಾಗ್‌ನ ತಲೆಗೆ ಹುಳ ಹೊಕ್ಕಿದ್ದು ಅಲ್ಲಿಂದ.

ಅಕ್ಕನ ಟೆಸ್ಟಿನ ವಿಷಯ ಹೇಳಿ ಅವನು ಕೇಳಿದಾಗ, ಮೊದಲ ದಿನ ಅಪ್ಪ ಗೋಡೆ ಕೊರೆಯಬೇಕಲ್ಲ ಎಂದ. ಡ್ರಿಲ್ ಅದುರಿದರೆ ಲೋಲಕಗಳೆಲ್ಲ ದಾರಿ ತಪ್ಪುತ್ತವೆ. ಡೈಲಾಗ್ ಹೋಗಿ ಲೈನ್ ಹಾಕುವವನನ್ನು ವಿಚಾರಿಸಿ, ಕಿಟಕಿಯ ಸಂದಿಯಲ್ಲೂ ತರಬಹುದಂತೆ ಎಂದು ಬಂದು ಹೇಳಿದ. ಎರಡನೆಯ ದಿನ, ಕಿಟಕಿಯ ಸಂದಿಯಲ್ಲಿ ಇರುವೆ ಬರುತ್ತವೆ ಎಂದಾಯಿತು. ಮೂರನೆಯ ದಿನ, ಆ ಹೊಸ ಪೆಟ್ಟಿಗೆ ಹಸಿರು ದೀಪ ಮಿಣುಕಿಸುತ್ತದೆ, ಕಣ್ಣಿಗೆ ತೊಂದರೆ. ಪೆಟ್ಟಿಗೆಗೂ ಒಂದು ಟೋಪಿ ಹೆಣೆದರಾಯಿತು ಎಂದ ಡೈಲಾಗ್. ಅಪ್ಪ ಕಣ್ಣಿಗೆ ಕಚ್ಚಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ "ಇರೋದು ಸಾಕು ಕಣೋ" ಎಂದು ಮಾತು ಮುಗಿಸಿದ.

ನಿಜವಾದ ಕಾರಣ ಇರುವವನು ಒಂದೇ ಕಾರಣ ಹೇಳುತ್ತಾನೆ, ದಿನಕ್ಕೊಂದು ಹೇಳುವವನ ಹತ್ತಿರ ಹೇಳದಿರುವುದು ಒಂದಿದೆ. ಇದು ಡೈಲಾಗ್ ತಾನೇ ಕಟ್ಟಿದ ಡೈಲಾಗು. ಚೆನ್ನಾಗಿದೆಯೆಂದು ಅಂಗಡಿಯಲ್ಲಿ ಎರಡು ಸಲ ಹೇಳಿಯೂ ನೋಡಿದ. ಯಜಮಾನರು "ಗಾಜು ಒರೆಸು" ಎಂದರು.

ಕಾರಣ ತಿಳಿಯದಿದ್ದರೂ ಪರವಾಗಿಲ್ಲ, ಕೆಲಸ ಆಗಬೇಕು ಎಂದುಕೊಂಡು ಅವನು ತನ್ನ ಮಾಮೂಲಿ ಅಸ್ತ್ರ ತೆಗೆದ. ದನಿ ಬದಲಿಸಿ ಫೋನ್ ಮಾಡುವುದು. ಈ ಹಿಂದೆ ಎದುರುಮನೆ ದೊಡ್ಡಮ್ಮನಿಗೆ ಬೆಕ್ಕು ಗಣತಿ ಇಲಾಖೆಯಿಂದ ಎಂದು ಕಾಲ್ ಮಾಡಿ, ಅವಳು ತನ್ನ ಬೆಕ್ಕನ್ನು ಒಂದು ವಾರ ಸೋದರಸೊಸೆಯ ಮನೆಯಲ್ಲಿ ಬಚ್ಚಿಡುವಂತೆ ಮಾಡಿದ್ದ. ಈ ಸಲ ಪಾತ್ರ ಟೆಲಿಫೋನ್ ಕಚೇರಿಯ ದೊಡ್ಡ ಆಫೀಸರ್. ಹಳೇ ತಂತಿಗಳನ್ನೆಲ್ಲ ಕಿತ್ತುಹಾಕುತ್ತಿದ್ದೇವೆ, ಶುಕ್ರವಾರದೊಳಗೆ ಹೊಸದು ಹಾಕಿಸಿಕೊಳ್ಳಿ. ಅಷ್ಟೇ ಸಾಕು.

ಮಧ್ಯಾಹ್ನ ಅಮ್ಮ ಹೊರಗೆ ಹೋಗಿರುತ್ತಾಳೆ, ಅಕ್ಕನೂ ಇರುವುದಿಲ್ಲ. ಅಪ್ಪನೇ ಫೋನ್ ಎತ್ತಬೇಕು. ಸಾಮಾನ್ಯವಾಗಿ ಅಪ್ಪ ಎತ್ತುವವನಲ್ಲ. ರಿಂಗ್ ಆದರೆ "ಯಾರಾದ್ರೂ ನೋಡ್ರಪ್ಪ, ಕೈಯಲ್ಲಿ ಸ್ಪ್ರಿಂಗ್ ಇದೆ" ಎಂದು ಕೂಗುವನು. ಆ ಮನೆಯಲ್ಲಿ ಫೋನು ಬಡಿದುಕೊಂಡಾಗಲೆಲ್ಲ ಅಪ್ಪನ ಕೈಯಲ್ಲಿ ಸ್ಪ್ರಿಂಗ್ ಇರುತ್ತಿತ್ತು.

ಅಂಗಡಿಯ ಹಿಂದಿನ ಸ್ಟೋರಿನಲ್ಲಿ ನಿಂತು, ಯಜಮಾನರ ತಾತನ ಕಾಲದ ಗೋಡೆ ಗಡಿಯಾರದ ಕೆಳಗೆ, ಡೈಲಾಗ್ ಗಂಟಲು ಸರಿಮಾಡಿಕೊಂಡ. ರಿಂಗ್ ಬಹಳ ಹೊತ್ತು ಆಯಿತು. ಕೊನೆಗೆ ರಿಸೀವರ್ ಎತ್ತಿದ ಸದ್ದು.

"ನಾವು ಟೆಲಿಫೋನ್ ಕಚೇರಿಯಿಂದ" ಎಂದ ಆಫೀಸರ್. ದನಿ ಹೊಟ್ಟೆಯಿಂದ ಬಂದಿತ್ತು, ಬ್ಯಾಕ್‌ಗ್ರೌಂಡ್ ಮ್ಯೂಸಿಕ್ ಒಂದು ಕಡಿಮೆ.

ಆ ಕಡೆಯಿಂದ ಒಂದು ಸದ್ದು. "ಹ... ಹ... ಹ..."

ಲೈನ್ ಸರಿಯಿಲ್ಲ ಎಂದುಕೊಂಡ ಡೈಲಾಗ್. ತಂತಿ ಕೀಳುವ ವಿಷಯ ಗಡಗಡ ಹೇಳಿ ಮುಗಿಸಿದ. ಒಪ್ಪಿಗೆ ತಾನೆ ಎಂದು ಕೇಳಿದ.

"ನ... ನಮ್ಮ... ನಮ್ಮ ಮ... ಮ..." ದನಿ ಎಲ್ಲೋ ಸಿಕ್ಕಿಹಾಕಿಕೊಂಡು ಒದ್ದಾಡುತ್ತಿತ್ತು. ತಡೆದು ಹೊರಬಿದ್ದ ಉಸಿರೊಂದು ಕೇಳಿಸಿತು. ಮತ್ತೆ ಅದೇ ಅಕ್ಷರಕ್ಕೆ ಬಂದು ಬಡಿದುಕೊಂಡಿತು.

"ನಿಮ್ಮ ಮನೆಗೆ ಯಾವತ್ತು ಬರ್ತೀವಿ ಅಂತ ತಾನೆ? ನಾಳೆನೇ ಬರ್ತೀವಿ" ಎಂದ ಆಫೀಸರ್.

"ಅ... ಅಲ್ಲ, ನಾ... ನಾ..."

"ನಾಳೆ ಬೇಡ್ವಾ? ನಾಡಿದ್ದು. ಆಯ್ತು, ಬರ್ಕೊಂಡೆ."

ಅಷ್ಟರಲ್ಲಿ ತಲೆಯ ಮೇಲಿನ ಗಡಿಯಾರ ಹೊಡೆಯಿತು. ಹೊಡೆದ ಏಟುಗಳಲ್ಲಿ ಕೊನೆಯದು ಮಾತ್ರ ಪೂರ್ತಿ ಬಾರಿಸದೆ, ಮುದುಕ ಕೆಮ್ಮಿದ ಹಾಗೆ ಅರ್ಧಕ್ಕೇ ನಿಂತಿತು. ಅದು ಆ ಗಡಿಯಾರದ ಹುಟ್ಟುಗುಣ. ಆ ಕಡೆಯ ಒದ್ದಾಟ ತಟ್ಟನೆ ನಿಂತಿತು. ಆಮೇಲೆ ರಿಸೀವರನ್ನು ಮೆಲ್ಲಗೆ, ಬಹಳ ಮೆಲ್ಲಗೆ, ಇಟ್ಟ ಸದ್ದು.

ಡೈಲಾಗ್ ಕೈಯಲ್ಲಿದ್ದ ಫೋನನ್ನೇ ನೋಡುತ್ತ ನಿಂತ. ಲೈನ್ ಸರಿಯಾಗಿತ್ತು. ಗಡಿಯಾರ ಹೊಡೆಯುವುದು ನಿಂತ ಮೇಲೆ ಅಪ್ಪನ ಕೋಣೆಯ ಟಿಕ್ ಟಿಕ್ ಸದ್ದು ಕೂಡ ಅವನಿಗೆ ಕೇಳಿಸಿತ್ತು. ಹಾಗಾದರೆ ಆ ಮಾತಾಡಿದ್ದು ಯಾರು?

ಸಂಜೆ ಮನೆಗೆ ಹೋದಾಗ ಅಪ್ಪ ಎಂದಿನಂತೆ ಮಾತಾಡುತ್ತಿದ್ದ. ಒಂದು ಅಕ್ಷರವೂ ತಡವರಿಸುತ್ತಿರಲಿಲ್ಲ. ಉಪ್ಪು ಕಮ್ಮಿಯಾಗಿದೆ ಎಂದ, ನಲ್ಲಿ ಸೋರುತ್ತಿದೆ ಎಂದ. ಟೆಲಿಫೋನ್ ಕಚೇರಿಯ ಮಾತೇ ಎತ್ತಲಿಲ್ಲ. ಊಟದ ನಡುವೆ ಒಮ್ಮೆ, ತಟ್ಟೆಯಿಂದ ತಲೆಯೆತ್ತದೆ, "ನಿಮ್ ಅಂಗಡಿ ಗಡಿಯಾರ ಹೆಂಗಿದೆಯೋ?" ಎಂದು ಕೇಳಿದ.

"ಅದಕ್ಕೇನು, ಅದೇ ಕೆಮ್ಮು" ಎಂದ ಡೈಲಾಗ್. ಅವನ ಮನಸ್ಸು ಬೇರೆಲ್ಲೋ ಇತ್ತು.

ಮರುದಿನ ಅಂಗಡಿಗೆ ಹೊಟ್ಟೆನೋವೆಂದು ಹೇಳಿ, ಮುಂದಿನ ಕೋಣೆಯ ಬಾಗಿಲ ಸಂದಿಗೆ ಕಣ್ಣಿಟ್ಟು ಕೂತ. ಅಪ್ಪ ವಿಡಿಯೋ ಕಾಲಿನಲ್ಲಿದ್ದ. ಪರದೆಯ ಮೇಲೆ ಬಿಳೀ ಮೀಸೆಯ ಗಿರಾಕಿಯೊಬ್ಬರು. ಅಪ್ಪ ಚಿಮುಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್ ಹಿಡಿದಿದ್ದ.

"ಇದರ... ಸ... ಸ್ಪ... ಸ್ಪ..."

"ನಿಮ್ ಲೈನ್ ತಡೀತಿದೆ ರಿಪೇರಿಯವರೇ" ಎಂದರು ಮೀಸೆ. "ಅವಸರ ಇಲ್ಲ, ನಿಧಾನಕ್ಕೆ ಬರ್ಲಿ. ನಾನಿಲ್ಲೇ ಇರ್ತೀನಿ."

ಅವರು ಕಾದರು. ಲೋಟದಿಂದ ಒಂದು ಗುಟುಕು ಕುಡಿದು, ಮತ್ತೆ ಕಾದರು. ಅಪ್ಪ ತನ್ನಷ್ಟಕ್ಕೆ ಆ ಮಾತನ್ನು ಬಿಡಿಸಿಕೊಂಡು ಹೇಳಿ ಮುಗಿಸಿದ. ಅವನ ಮುಖದಲ್ಲಿ ನಾಚಿಕೆಯಿರಲಿಲ್ಲ, ಬೆವರೂ ಇರಲಿಲ್ಲ.

ಡೈಲಾಗ್ ನೋಡಿದ್ದು ಇನ್ನೊಂದು. ಪರದೆಯ ಮೇಲೆ ಬಿಳೀ ಚಕ್ರ ತಿರುಗುತ್ತಿರಲಿಲ್ಲ. ಅಪರೂಪಕ್ಕೆ ಆ ಹೊತ್ತು ಲೈನ್ ಸಲೀಸಾಗಿ ಓಡುತ್ತಿತ್ತು. ಮೀಸೆಯವರ ಲೋಟದ ಹಬೆ ಕೂಡ ಕಾಣುತ್ತಿತ್ತು.

ಅವನು ಎದ್ದು ಅಡುಗೆಮನೆಗೆ ಹೋದ. ಅಮ್ಮ ಕಿಟಕಿಯ ಬಳಿ ಕೈಚಾಚಿ ಸಿಗ್ನಲ್ ಹುಡುಕುತ್ತಿದ್ದಳು. ಅಪ್ಪನಿಗೆ ಉಗ್ಗು ಇದೆಯಾ ಎಂದು ಕೇಳಿದ. ಅಮ್ಮ ಫೋನ್ ಕೆಳಗಿಟ್ಟು, ಬಹಳ ದಿನದ ಮೇಲೆ ಮನೆಗೆ ಬಂದ ನೆಂಟನನ್ನು ನೋಡುವಂತೆ ಅವನನ್ನು ನೋಡಿದಳು.

"ಈಗ ಗೊತ್ತಾಯ್ತಾ ನಿನಗೆ?"

ನಮ್ಮ ಹತ್ತಿರ ಬರುವುದಿಲ್ಲ, ಹೊರಗಿನವರ ಹತ್ತಿರ ಮಾತ್ರ ಎಂದಳು. ಅಂಗಡಿಯಲ್ಲಿದ್ದಾಗ ಗಿರಾಕಿಗಳು ಅಪ್ಪನ ಮಾತು ಮುಗಿಯಲು ಬಿಡುತ್ತಿರಲಿಲ್ಲವಂತೆ. ಅವನು ಒಂದು ಅಕ್ಷರ ಹಿಡಿದು ನಿಂತರೆ ಉಳಿದದ್ದನ್ನು ಅವರೇ ಊಹಿಸಿ ಹೇಳುವುದು, ಅದು ತಪ್ಪಾದರೆ ಇನ್ನೊಂದು ಊಹೆ, ಅದೂ ತಪ್ಪಾದರೆ ನಗು. ಬೈದವರನ್ನು ಅಪ್ಪ ಸಹಿಸಿಕೊಂಡಿದ್ದ. ಸಹಾಯ ಮಾಡುವವರನ್ನು ಸಹಿಸಲಾಗಲಿಲ್ಲ. ಮನೆಗೆ ಬಂದು, ಈ ತೆವಳುವ ಲೈನಿನಲ್ಲಿ ಮೊದಲ ಗಿರಾಕಿಯ ಹತ್ತಿರ ಮಾತಾಡಿದ ದಿನ ಹೊಸ ಗಡಿಯಾರ ಸಿಕ್ಕವನಂತೆ ಅಡುಗೆಮನೆಗೆ ಓಡಿಬಂದಿದ್ದನಂತೆ.

"ಏನಂದ್ರು ಗೊತ್ತಾ ಅವತ್ತು? ಲೈನ್ ನಿಧಾನ ಅಂದ್ರೆ ಜನ ಕಾಯ್ತಾರೆ ಕಣೇ. ಮನುಷ್ಯ ನಿಧಾನ ಅಂದ್ರೆ ಕಾಯಲ್ಲ."

ಡೈಲಾಗ್‌ಗೆ ತನ್ನ ಆಫೀಸರ್ ನೆನಪಾದ. ನಾಳೆ ಬೇಡ್ವಾ, ನಾಡಿದ್ದು, ಬರ್ಕೊಂಡೆ.

ತನಗೆ ಯಾಕೆ ಯಾರೂ ಹೇಳಲಿಲ್ಲ ಎಂದು ಕೇಳಿದ.

"ನೀನು ಈ ಮನೇಲಿ ಯಾರ ಮಾತನ್ನಾದ್ರೂ ಕೊನೇ ತನಕ ಕೇಳಿದೀಯೇನೋ?" ಎಂದಳು ಅಮ್ಮ. ಬೈಗುಳದ ದನಿಯಲ್ಲಿ ಅಲ್ಲ. ಲೆಕ್ಕ ಕೇಳಿದವನಿಗೆ ಉತ್ತರ ಹೇಳಿದ ಹಾಗೆ.

ಅಕ್ಕನಿಗೂ ಗೊತ್ತಿತ್ತು. ಅದಕ್ಕೇ ಅವಳು ಅಪ್ಪನನ್ನು ಒಂದು ಸಲವೂ ಕೇಳಿರಲಿಲ್ಲ. ಡೈಲಾಗ್ ಹೋಗಿ ಬೀರುವಿನ ಬಾಗಿಲು ತಟ್ಟಿದಾಗ ಅವಳು ಕೋಟುಗಳ ನಡುವಿನಿಂದ ಮುಖ ಹೊರಹಾಕಿ, ಸ್ಟುಡಿಯೋದವರಿಗೆ ಆಗಲ್ಲ ಎಂದು ಹೇಳಿಬಿಡುತ್ತೇನೆ ಎಂದಳು. ಎಲ್ಲ ನಿಶ್ಚಯ ಮಾಡಿಕೊಂಡವಳ ಮುಖ. ಆದರೆ ಮೈಕಿನ ವೈರನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳ ತುದಿ ಕೆಂಪಾಗಿತ್ತು.

"ಇನ್ನೊಂದು ಸ್ಟುಡಿಯೋ ಸಿಗುತ್ತೆ" ಎಂದ ಅವನು.

"ಸಿಗಲ್ಲ ಕಣೋ. ಇದು ಸಿಕ್ಕಿದ್ದೇ ಎಷ್ಟು ಅಲೆದ ಮೇಲೆ. ಆದ್ರೆ ನನ್ನ ಮಾತು ಓಡ್ಲಿ ಅಂತ ಅಪ್ಪನ ಮಾತು ನಿಲ್ಲಿಸೋಕಾಗುತ್ತಾ?"

ಡೈಲಾಗ್ ಬೀರುವಿನ ಬಾಗಿಲನ್ನು ತಾನೇ ಮುಚ್ಚಿ ಬಂದ.

ಆದರೆ ಹುಳ ಸುಮ್ಮನೆ ಕೂರುವಂಥದ್ದಲ್ಲ. ಹಳೇ ಲೈನಿನಲ್ಲಿ ಅಪ್ಪನಿಗೆ ನಿಜಕ್ಕೂ ಬೇಕಾಗಿರುವುದು ಏನು? ಆ ನಿಧಾನವಲ್ಲ, ನಿಧಾನದ ನೆಪ. ಆ ಬಿಳೀ ಚಕ್ರ. ಹಾಗಾದರೆ ಲೈನ್ ಹೊಸದಾಗಲಿ, ಚಕ್ರ ಹಳೆಯದೇ ಇರಲಿ. ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಕೂತು ಹುಡುಕಿ ಹುಡುಕಿ ಒಂದು ಆ್ಯಪ್ ಪತ್ತೆ ಮಾಡಿದ. ಮೀಟಿಂಗ್ ತಪ್ಪಿಸಿಕೊಳ್ಳುವ ಸೋಮಾರಿಗಳಿಗಾಗಿ ಯಾರೋ ಪುಣ್ಯಾತ್ಮ ಮಾಡಿದ್ದು. ಬಟನ್ ಒತ್ತಿದರೆ ಲೈನ್ ಎಷ್ಟೇ ಚೆನ್ನಾಗಿದ್ದರೂ ಎದುರಿನವರಿಗೆ ನಿಮ್ಮ ಚಿತ್ರ ನಿಂತಂತೆ ಕಾಣುತ್ತದೆ, ಮೇಲೆ ಚಕ್ರ ತಿರುಗುತ್ತದೆ. ನಕಲಿ ಚಕ್ರ. ಡೈಲಾಗ್ ತನ್ನ ಜೀವನದಲ್ಲಿ ಮಾಡಿದ ಕಿತಾಪತಿಗಳಲ್ಲೆಲ್ಲ ಇದಕ್ಕೇ ಮೊದಲ ಸ್ಥಾನ ಕೊಟ್ಟುಕೊಂಡು, ಊಟಕ್ಕೆ ಹೋಗುತ್ತೇನೆಂದು ಮನೆಗೆ ಓಡಿದ. ದಾರಿಯುದ್ದಕ್ಕೂ ಕ್ಲೈಮ್ಯಾಕ್ಸ್ ಮಾತು ತಯಾರಾಗುತ್ತಿತ್ತು. "ಅಪ್ಪ, ನಿನ್ನ ಚಕ್ರವ್ಯೂಹಕ್ಕೆ ನಾನೇ ಇನ್ನೊಂದು ಚಕ್ರ ತಂದಿದ್ದೀನಿ." ಇನ್ನೂ ಸ್ವಲ್ಪ ತಿದ್ದಬೇಕಿತ್ತು.

ಹಾಲ್‌ನ ಬಾಗಿಲಿಗೆ ಬಂದವನು ಹಾಗೇ ನಿಂತ.

ಅಪ್ಪ ಡಯಲ್ ಫೋನಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದ. ಬೆನ್ನು ಬಾಗಿಲ ಕಡೆಗೆ. ಕೈಯಲ್ಲಿ ಸ್ಪ್ರಿಂಗ್ ಇರಲಿಲ್ಲ. ರಿಸೀವರಿನೊಳಗಿನ ಹುಡುಗಿಯ ದನಿ ಹಾಲ್‌ಗೆಲ್ಲ ಕೇಳಿಸುತ್ತಿತ್ತು. ಫೈಬರ್ ಕಂಪನಿಯವಳು.

"ಹೇಳಿ ಸರ್."

"ನಮ್ಮ ಮ... ಮನೆಗೆ... ಫ... ಫ..."

ಡೈಲಾಗ್‌ನ ನಾಲಿಗೆ ತುದಿಯಲ್ಲಿ ಆ ಮಾತು ಪೂರ್ತಿಯಾಗಿ ಸಿದ್ಧವಾಗಿತ್ತು. ಫೈಬರ್ ಬೇಕು, ಇವತ್ತೇ ಬೇಕು, ವಿಳಾಸ ಬರ್ಕೊಳ್ಳಿ. ಮೂರು ಹೆಜ್ಜೆ ಇಟ್ಟು ರಿಸೀವರ್ ಕಸಿದುಕೊಂಡರೆ ಮುಗಿಯಿತು. ಕಾಲು ಮುಂದೆ ಹೋಗಿಯೂ ಬಿಟ್ಟಿತ್ತು.

"ಹಲೋ? ಸರ್, ನಿಮ್ ಲೈನ್ ಸರಿ ಇಲ್ಲ ಅನ್ಸುತ್ತೆ. ಕಟ್ ಕಟ್ ಆಗ್ತಿದೆ. ಆಮೇಲೆ ಮಾಡ್ತೀರಾ?"

ನೆಪ ತಾನಾಗಿಯೇ ಬಂದು ಕೈಚಾಚಿ ನಿಂತಿತ್ತು. ಹೌದು ಎಂದು ಫೋನ್ ಇಟ್ಟರೆ ಸಾಕು. ಅಪ್ಪ ಉಸಿರೆಳೆದುಕೊಂಡ. ಶರ್ಟಿನೊಳಗೆ ಬೆನ್ನು ಉಬ್ಬಿ ಇಳಿಯಿತು.

"ಲೈನ್... ಸರಿ ಇದೆ" ಎಂದ. "ನಿ... ನಿಧಾನ... ನಾನು. ಸ್ವಲ್ಪ ಕಾ... ಕಾಯಮ್ಮ."

ಡೈಲಾಗ್ ಗೋಡೆಗೊರಗಿ, ಪಕ್ಕದ ಮೊಳೆಗೆ ನೇತುಹಾಕಿದ್ದ ಟವೆಲ್ಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ.

"ಆಯ್ತು ಸರ್" ಎಂದಳು ಹುಡುಗಿ. "ಹೇಳಿ. ಕಾಯ್ತೀನಿ."

ಅದು ಉದ್ದದ ಕಾಲ್. ವಿಳಾಸವೇ ಒಂದು ಕಣಿವೆ ಇಳಿದು ಬೆಟ್ಟ ಹತ್ತಿದ ಹಾಗೆ. ನಡುವೆ ಒಂದು ಸಲ ಹುಡುಗಿ ತಾಳಲಾರದೆ ಬೀದಿಯ ಹೆಸರನ್ನು ಊಹಿಸಿದಳು. ತಪ್ಪಾಯಿತು. ಅಪ್ಪ ಸಿಟ್ಟಾಗಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದ. ಮಗಳಿಗೆ ಕೆಲಸದ ಟೆಸ್ಟ್ ಇದೆ, ಬೇಗ ಬೇಕು ಎಂಬ ಮಾತಿಗೆ ಬಂದಾಗ ಮಾತ್ರ, ಅದೇನು ಮಾಯವೋ, ಒಂದಕ್ಷರವೂ ತಡೆಯದೆ ಸಲೀಸಾಗಿ ಹರಿದುಬಂತು. ಅಪ್ಪನಿಗೇ ಆಶ್ಚರ್ಯವಾಗಿರಬೇಕು, ರಿಸೀವರನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದ.

ರಿಸೀವರ್ ಇಟ್ಟು ತಿರುಗಿದವನಿಗೆ ಟವೆಲ್ ಕಚ್ಚಿಕೊಂಡ ಮಗ ಕಂಡ.

"ಅದನ್ನ ಬಿಡು, ನಿಮ್ಮಮ್ಮ ಈಗ ತಾನೆ ಒಗೆದದ್ದು" ಎಂದ ಅಪ್ಪ. ಎದ್ದು ಮುಂದಿನ ಕೋಣೆಗೆ ಹೋಗುತ್ತ, ಬಾಗಿಲಲ್ಲಿ ನಿಂತು ಸೇರಿಸಿದ: "ಆ ಟೆಲಿಫೋನ್ ಆಫೀಸರ್ ಸಿಕ್ಕಿದ್ರೆ ಹೇಳು. ಇನ್ನೊಂದ್ಸಲ ಫೋನ್ ಮಾಡೋವಾಗ ನಾನು ರಿಪೇರಿ ಮಾಡಿದ ಗಡಿಯಾರದ ಕೆಳಗೆ ನಿಂತ್ಕೋಬೇಡ ಅಂತ."

ಸಂಜೆಯೊಳಗೆ ಅಕ್ಕ ಸ್ಟುಡಿಯೋಕ್ಕೆ ಹೂಂ ಎಂದಳು. ಲೈನ್ ಹಾಕುವವನು ಮರುದಿನ ಬಂದ. ಕಿಟಕಿಯ ಸಂದಿ ಸಾಲದು, ಗೋಡೆ ಕೊರೆಯಲೇಬೇಕು ಎಂದ. ಹಾಗಾಗಿ ಮನೆಮಂದಿಯೆಲ್ಲ ಮುಂದಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ, ಎರಡೂ ಕೈಯಲ್ಲಿ ಒಂದೊಂದು ಲೋಲಕ ಹಿಡಿದುಕೊಂಡು ನಿಂತರು. ಎದುರುಮನೆ ದೊಡ್ಡಮ್ಮ ಕಿಟಕಿಯಿಂದ ಇದನ್ನು ನೋಡಿ, ಈ ಮನೆಯವರಿಗೆ ಕೊನೆಗೂ ಏನೋ ಆಗಿಹೋಯಿತು ಎಂದು ಒಳಗೋಡಿದಳು. ಡ್ರಿಲ್ ನಿಂತು ಎಲ್ಲರೂ ಕೈಬಿಟ್ಟಾಗ ಪ್ರತಿಯೊಂದು ಗಡಿಯಾರವೂ ತನಗೆ ತೋಚಿದ ಸಮಯ ತೋರಿಸುತ್ತಿತ್ತು. ಲೋಲಕಗಳ ವಿಷಯದಲ್ಲಿ ಅಪ್ಪ ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಟೆಸ್ಟ್ ದಿನ ಅಕ್ಕ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳಿದವರು ಹೊರಗೆ ಉಸಿರು ಬಿಗಿಹಿಡಿದು ಕೂತರು. ಬೀರು ನಕ್ಕಿತು, ಬೈದಿತು, ಒಮ್ಮೆ ಸೀನಿತು. ಸೀನು ಕಥೆಯಲ್ಲಿ ಇರಲಿಲ್ಲವಂತೆ, ಉಣ್ಣೆ ಕೋಟಿನದ್ದು. ಆದರೂ ಸ್ಟುಡಿಯೋದವರಿಗೆ ಹಿಡಿಸಿತು. ಮೊದಲ ಪಾತ್ರವಾಗಿ ಮಕ್ಕಳ ಸಿನಿಮಾದಲ್ಲಿ ಒಂದು ಸಿಡುಕು ಬಾತುಕೋಳಿ ಸಿಕ್ಕಿತು. ಆ ಬಾತುಕೋಳಿ ಮಾತಿಗೊಮ್ಮೆ ಸೀನುತ್ತದೆ.

ಅಪ್ಪನ ಗಿರಾಕಿಗಳಲ್ಲಿ ಒಬ್ಬರು ಹೊಸ ಲೈನಿನ ಮೊದಲ ಕಾಲಿನಲ್ಲೇ ಚಡಪಡಿಸಿ, ವಾಚು ವಾಪಸ್ ಕಳಿಸಿ ಎಂದರು. ಅಪ್ಪ ಕಳಿಸಿದ, ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಬಿಳೀ ಮೀಸೆಯವರು ಮಾತ್ರ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದು, ನಿಮ್ಮ ಮುಖ ಇಷ್ಟು ಸ್ಪಷ್ಟವಾಗಿ ಇವತ್ತೇ ನೋಡಿದ್ದು ಎಂದರು. ಆಮೇಲೆ ಲೋಟ ಎತ್ತಿಕೊಂಡು ಎಂದಿನ ಹಾಗೆ ಕಾಯತೊಡಗಿದರು. ಅವರಿಗೆ ಇಷ್ಟು ದಿನವೂ ಗೊತ್ತಿತ್ತೋ ಏನೋ.

ಈಗ ಮೊದಲಿಗೆ ಹೇಳಿದ ಮಾತಿಗೆ ಬರೋಣ. ಒಂದು ಫೋನ್ ಕಾಲ್ ಆ ಮನೆಗೆ ಫೈಬರ್ ತಂದಿತು ಎಂಬುದೇನೋ ನಿಜ. ಆ ಕಾಲ್ ಮಾಡಿದ್ದು ಡೈಲಾಗ್ ಅಲ್ಲ, ಅವನ ಅಪ್ಪ. ಮಗನ ಕಾಲ್‌ನಿಂದ ಆದದ್ದು ಇಷ್ಟೇ: ಬಚ್ಚಿಟ್ಟುಕೊಂಡದ್ದು ಮಗನಿಗೂ ಗೊತ್ತಾಯಿತಲ್ಲ ಎಂದು ಒಬ್ಬ ಮನುಷ್ಯ ಎರಡು ದಿನ ಗಡಿಯಾರಗಳ ನಡುವೆ ಅದನ್ನೇ ಯೋಚಿಸುತ್ತ ಕೂತ. ನಕಲಿ ಚಕ್ರದ ಆ್ಯಪ್ ಯಾರ ಉಪಯೋಗಕ್ಕೂ ಬರದೆ ಡೈಲಾಗ್‌ನ ಫೋನಿನಲ್ಲೇ ಉಳಿಯಿತು. ಆ ಶುಕ್ರವಾರ ಅವನು ಮಾಡಿದ ಕೆಲಸ ಎಂದರೆ ಟವೆಲ್ ಕಚ್ಚಿ ನಿಂತದ್ದು, ಅಷ್ಟೇ.

ಅಂಗಡಿಯಲ್ಲಿ ಈಗ ಗಿರಾಕಿ "ನನ್ನ ಫೋನು ನಿನ್ನೆ..." ಎಂದು ಶುರುಮಾಡಿದರೆ ಅವನು ಬಾಯಿ ತೆರೆದು, ಮತ್ತೆ ಮುಚ್ಚಿ, ಕಾಯುತ್ತಾನೆ. ಮೊನ್ನೆ ಒಬ್ಬರ ಫೋನು ನೀರಿಗೆ ಬಿದ್ದಿರಲೇ ಇಲ್ಲ. ಆಡು ತಿಂದಿತ್ತು.